ಮೊಂಡ ಉಳಿಗೆ ಏಕೆ ಹೆದರಬೇಕು?

ಮಕ್ಕಳೇ, ನಿಮ್ಮೂರಿನ ಬಡಿಗೇರರು ಕೆಲಸ ಮಾಡುವುದನ್ನು ನಿಂತು ನೋಡಿದ್ದೀರಾ? ರೋಣ ತಾಲ್ಲೂಕಿನ ಮೆಣಸಗಿಯಂಥ ಎರೆಹೊಲದ ಊರುಗಳಲ್ಲಿ ಹಿಂದೆ ಬಿತ್ತಿಗೆಗೆ ಮುಂಚೆ ಅವರಿಗೆ ಬಿಡುವೇ ಇರುತ್ತಿರಲಿಲ್ಲ. ಕೂರಿಗೆ, ಕುಂಟೆ, ಬಂಡಿಯ ಗಾಲಿ ಎಲ್ಲವೂ ದುರಸ್ತಿಗೆ ಬರುತ್ತಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಕಡಿಮೆಯಾಗಿ, ಬಾಗಿಲು-ಕಿಟಕಿಗಳ ಕೆಲಸವೇ ಹೆಚ್ಚಾಗಿದೆ. ಆದರೆ ಉಳಿಗೆ ಕೈ ಹಾಕಿದ ಹುಡುಗರಿಗೆ ಸಿಗುವ ಗದರಿಕೆ ಬದಲಾಗಿಲ್ಲ: "ತಮ್ಮಾ, ಅದು ಮೊಂಡ ಆಗೈತಿ, ಮುಟ್ಟಬ್ಯಾಡ. ಕೈ ಕೊಯ್ಕೋತಿ!"

ಇದೇನು ವಿಚಿತ್ರ? ಹೆದರಬೇಕಾದದ್ದು ಹರಿತವಾದ ಉಳಿಗಲ್ಲವೇ?

ಉತ್ತರ ಒತ್ತಡದಲ್ಲಿದೆ. ನಾವು ಹಾಕಿದ ಬಲವನ್ನು, ಆ ಬಲ ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. ಒಂದು ಉಳಿಯ ಬಾಯಿ 25 ಮಿ.ಮೀ. ಅಗಲವಿದೆ ಎಂದುಕೊಳ್ಳಿ. ಅದರ ಅಂಚು 0.01 ಮಿ.ಮೀ. ದಪ್ಪವಿದ್ದರೆ ವಿಸ್ತೀರ್ಣ 0.25 ಚದರ ಮಿ.ಮೀ. ಅಂಚು ಸವೆದು 0.1 ಮಿ.ಮೀ. ದಪ್ಪವಾದರೆ ವಿಸ್ತೀರ್ಣ 2.5 ಚದರ ಮಿ.ಮೀ. ಆಗುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ಆದರೂ ಅಷ್ಟೇ ಬಲಕ್ಕೆ ಸಿಗುವ ಒತ್ತಡ ಹತ್ತರಲ್ಲಿ ಒಂದು ಪಾಲು ಮಾತ್ರ!

ಆಗ ನೀವೇನು ಮಾಡುತ್ತೀರಿ? ಮೈಭಾರವನ್ನೆಲ್ಲ ಹಾಕಿ ನೂಕುತ್ತೀರಿ. ಉಳಿ ಕಟ್ಟಿಗೆಯೊಳಗೆ ಇಳಿಯದೆ ಥಟ್ಟನೆ ಜಾರುತ್ತದೆ. ಕಟ್ಟಿಗೆ ಹಿಡಿದ ಎಡಗೈ ಅದರ ಎದುರಿಗೇ ಇರುತ್ತದೆ. ಜಾಲಿ ಕಟ್ಟಿಗೆಗೆ ಸೋತ ಉಳಿ ನಮ್ಮ ಚರ್ಮಕ್ಕೆ ಸೋಲುವುದಿಲ್ಲ. ಹರಿತವಾದ ಉಳಿಯೂ ಕೈ ಕೊಯ್ಯುತ್ತದೆ, ನಿಜ. ಆದರೆ ಅದಕ್ಕೆ ಹೆಚ್ಚು ಬಲ ಬೇಡ, ಆದ್ದರಿಂದ ಅದು ಹಿಡಿತದಲ್ಲಿರುತ್ತದೆ. ಯಾವ ಉಳಿಯಾದರೂ ಕಟ್ಟಿಗೆಯನ್ನು ಮೊದಲೇ ಅಲುಗಾಡದಂತೆ ಬಿಗಿ ಮಾಡಿ, ಎರಡೂ ಕೈಗಳನ್ನು ಅದರ ಬಾಯಿಯ ಹಿಂದೆಯೇ ಇಟ್ಟುಕೊಳ್ಳಬೇಕು.

ಮಾಡಿ ನೋಡಿ: ಹಸಿ ಎರೆಮಣ್ಣಿನ ಮುದ್ದೆಯ ಮೇಲೆ ಒಂದು ನಾಣ್ಯವನ್ನು ಮಲಗಿಸಿ ಬೆರಳಿನಿಂದ ಒತ್ತಿ. ಅದೇ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಅಷ್ಟೇ ಬಲದಿಂದ ಒತ್ತಿ. ಯಾವಾಗ ಹೆಚ್ಚು ಆಳಕ್ಕೆ ಇಳಿಯಿತು?

ಹಾಗಾದರೆ ಅಂಚನ್ನು ಎಷ್ಟು ಬೇಕಾದರೂ ತೆಳುವಾಗಿ ಮಸೆಯಬಹುದೇ? ಇಲ್ಲ. ತೀರಾ ತೆಳುವಾದರೆ ಅಂಚು ಬೇಗ ಮುರಿಯುತ್ತದೆ. ಕಟ್ಟಿಗೆಯ ಉಳಿಯನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಕೋನಕ್ಕೆ ಮಸೆಯುತ್ತಾರೆ. ಕಲ್ಲು ಕೆತ್ತುವ ಉಳಿಯ ಮೊನೆ ಇದಕ್ಕಿಂತ ದಪ್ಪ. 8ನೇ ಶತಮಾನದಲ್ಲಿ ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ ಗುಡಿಗಳನ್ನು ಕೆತ್ತಿದವರಿಗೆ ಕಟ್ಟಿಗೆಯ ಉಳಿ ಕೊಟ್ಟಿದ್ದರೆ ನಾಲ್ಕು ಏಟಿಗೇ ಅದರ ಬಾಯಿ ಹೋಗುತ್ತಿತ್ತು.

ಕೆಲಸಕ್ಕೆ ತಕ್ಕ ಉಪಕರಣವನ್ನು ಆರಿಸಲು ಕಟ್ಟಿಗೆಯ ಎಳೆಗಳನ್ನು ನೋಡಬೇಕು. ಎಳೆಗುಂಟ ಸೀಳುವುದು ಸುಲಭ. ಅಲ್ಲಿ ಬಾಚಿ ಸಾಕು. ಎಳೆಗಳಿಗೆ ಅಡ್ಡವಾಗಿ ಕತ್ತರಿಸಲು ಗರಗಸವೇ ಬೇಕು. ಗರಗಸದ ಹಲ್ಲುಗಳನ್ನು ಹತ್ತಿರದಿಂದ ನೋಡಿ. ಒಂದು ಎಡಕ್ಕೆ, ಮತ್ತೊಂದು ಬಲಕ್ಕೆ ಬಾಗಿರುತ್ತದೆ. ಇದರಿಂದ ಸೀಳು ಅಲಗಿಗಿಂತ ತುಸು ಅಗಲವಾಗಿ, ಅಲಗು ನಡುವೆ ಸಿಕ್ಕಿಕೊಳ್ಳುವುದಿಲ್ಲ. ಕುಂಟೆಯ ದಿಂಡಿಗೆ ಚೌಕ ತೂತು ಹಾಕಲು ಉಳಿ ಮತ್ತು ಕೊಡತಿ ಬೇಕು. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಉಳಿಯ ಕಟ್ಟಿಗೆಯ ಹಿಡಿ ಸೀಳಿಹೋಗುತ್ತದೆ.

ಮಸೆಯುವಾಗ ಸಾಣೆಕಲ್ಲಿಗೆ ನೀರು ಹಾಕುವುದು ಪುಡಿ ತೊಳೆಯಲಿಕ್ಕೆ. ವೇಗವಾಗಿ ತಿರುಗುವ ಸಾಣೆಯಲ್ಲಾದರೆ ತಂಪು ಮಾಡಲಿಕ್ಕೂ ನೀರು ಬೇಕು. ಅಂಚು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ ಉಕ್ಕು ನೀಲಿ ಬಣ್ಣಕ್ಕೆ ತಿರುಗಿ ಹದ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ಬಹಳ ಹೊತ್ತು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಉಪಕರಣಗಳನ್ನು ಗೋಣಿತಟ್ಟಿನಲ್ಲಿ ಸುತ್ತಿಡಬೇಡಿ. ಅದು ತೇವ ಹೀರುತ್ತದೆ, ತುಕ್ಕು ಹಿಡಿಯುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಸವರಿ, ತೂಗುಹಾಕಿದರೆ ಸಾಕು.

ಹರಿತವನ್ನು ಬೆರಳಿನಿಂದ ಪರೀಕ್ಷಿಸಬೇಡಿ. ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದರೆ ತಿಳಿಯುತ್ತದೆ. ಮೊಂಡ ಅಂಚಿನ ದಪ್ಪ ಬೆಳಕನ್ನು ಪ್ರತಿಫಲಿಸುವುದರಿಂದ ಬಿಳಿ ಗೆರೆ ಕಾಣುತ್ತದೆ. ಹರಿತವಾದ ಅಂಚಿನಲ್ಲಿ ಆ ಗೆರೆ ಇರುವುದಿಲ್ಲ. ಇವತ್ತು ಮನೆಯ ಈಳಿಗೆಯನ್ನು ಬೆಳಕಿಗೆ ಹಿಡಿಯಲು ಅವ್ವನಿಗೆ ಹೇಳಿ, ನೀವು ಪಕ್ಕದಲ್ಲಿ ನಿಂತು ಗೆರೆ ಇದೆಯೇ ನೋಡಿ.