ಗ್ಯಾರೇಜಿನಲ್ಲಿ ಹುಟ್ಟಿದ ಆರ್ಕೆಸ್ಟ್ರಾ, ಬೀದಿಯಲ್ಲಿ ಕುಣಿದ ರಾತ್ರಿ!

ಸಿನಿಮಾ ಹಾಡಿಗೆ ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರು ಲಕ್ಷಾಂತರ ಮಂದಿ. ಅದೇ ಹಾಡನ್ನು ಬೀದಿಯ ಪೆಂಡಾಲಿನಲ್ಲಿ ನುಡಿಸಿ ಶಿಳ್ಳೆ ಹೊಡೆಸಿಕೊಂಡವರು? ಅಂಥ ಪುಣ್ಯವಂತರಲ್ಲಿ ನಾನೂ ಒಬ್ಬ. ಅದಕ್ಕೆ ತೆತ್ತ ಬೆಲೆ ಎಷ್ಟು ಗೊತ್ತೇ? ಒಂದು ಪಿಯುಸಿ!

2014ನೇ ಇಸವಿ. ಮಂಡ್ಯದಲ್ಲಿ ನಾವು ಐದು ಜನ ಹುಡುಗರು. ಒಬ್ಬನ ಮಾವನದು ಸ್ಕೂಟರ್ ಗ್ಯಾರೇಜು. ರಾತ್ರಿ ಎಂಟಕ್ಕೆ ಶಟರ್ ಅರ್ಧ ಇಳಿಸಿದರೆ ಅದೇ ನಮ್ಮ ಸ್ಟುಡಿಯೋ! ಎರವಲು ಕೀಬೋರ್ಡು, ಒಂದು ತಂತಿ ಕಿತ್ತುಹೋದ ಗಿಟಾರು, ಹಳೇ ರಿದಂ ಪ್ಯಾಡು. ನಾನು ಹಾಡುಗಾರನಲ್ಲ ಸ್ವಾಮಿ, ಅನೌನ್ಸರ್. ಎರಡು ಹಾಡುಗಳ ನಡುವೆ ಜನ ಎದ್ದುಹೋಗದ ಹಾಗೆ ಮಾತಾಡುವುದು ನನ್ನ ಕೆಲಸ.

ಆರ್ಕೆಸ್ಟ್ರಾ ಅಂದರೆ ಮೂಗು ಮುರಿಯಬೇಡಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ವಾದ್ಯತಂಡದಲ್ಲಿ ನುಡಿಸುತ್ತಿದ್ದವರೇ ಇಳಯರಾಜ. ಮುಂದೆ 1981ರಲ್ಲಿ ಶಂಕರನಾಗ್ ಅವರ 'ಗೀತಾ'ಕ್ಕೆ ಸಂಗೀತ ಕೊಟ್ಟವರೂ ಅವರೇ, ಅದರಲ್ಲಿ ಹಾಡಿದವರು ಅದೇ ಎಸ್.ಪಿ.ಬಿ!

ನವೆಂಬರ್ ಬಂತು. ಪಕ್ಕದ ಬಡಾವಣೆಯ ರಾಜ್ಯೋತ್ಸವಕ್ಕೆ ಕರೆ ಬಂತು. ಮೈಕು, ಬಾಕ್ಸಿನ ಬಾಡಿಗೆಗೆ ಮುಂಗಡ ಬೇಕಲ್ಲ? ನನ್ನ ಜೇಬಿನಲ್ಲಿ ಎರಡನೇ ಪಿಯುಸಿ ಪರೀಕ್ಷೆಯ ಫೀಸಿತ್ತು. 'ಪ್ರೋಗ್ರಾಂ ಮುಗಿದ ತಕ್ಷಣ ಕೊಡ್ತಾರೆ ಬಿಡೋ' ಅಂದರು ಗೆಳೆಯರು. ಕೊಟ್ಟುಬಿಟ್ಟೆ.

ಹತ್ತು ಗಂಟೆಯ ಗಂಡಾಂತರ

ಮೊದಲು ಭಕ್ತಿಗೀತೆ, ಆಮೇಲೆ ಅಣ್ಣಾವ್ರ ಹಾಡು. ಹೆಂಗಸರು ಮಹಡಿ ಮೇಲಿಂದ ನೋಡುತ್ತಿದ್ದರು. ಶಂಕರನಾಗ್ ಹಾಡು ಶುರುವಾಯಿತೋ ಇಲ್ಲವೋ, ಆಟೋ ಸ್ಟ್ಯಾಂಡೇ ಪೆಂಡಾಲಿಗೆ ಬಂತು! ಇನ್ನು 2010ರ 'ಜಾಕಿ' ಹಾಡು... ಅಬ್ಬಾ! ಚಪ್ಪಲಿ ಎಲ್ಲೋ, ಕಾಲು ಎಲ್ಲೋ. ಧೂಳಿನಲ್ಲಿ ಯಾರು ಕುಣಿಯುತ್ತಿದ್ದಾರೆ ಎಂಬುದೇ ಕಾಣದು.

ಅಷ್ಟರಲ್ಲಿ ಪೊಲೀಸಪ್ಪ ಗಡಿಯಾರ ತೋರಿಸಿದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. 2000ನೇ ಇಸವಿಯ ನಿಯಮ. 'ಆಫ್ ಮಾಡ್ರಪ್ಪಾ.' ಮಾಡಿದೆವು. ಜನ ಕದಲಲಿಲ್ಲ. ನಮ್ಮ ಗಾಯಕ ಮೈಕು ಕೆಳಗಿಟ್ಟು ಬರೀ ಗಂಟಲಲ್ಲೇ ಹಾಡಿದ. ಬೀದಿಯೇ ಚಪ್ಪಾಳೆಯಲ್ಲಿ ತಾಳ ಹಾಕಿತು. ಪೊಲೀಸಪ್ಪನ ಬೂಟೂ ಸುಮ್ಮನಿರಲಿಲ್ಲ!

ಮಾರನೇ ದಿನ ದುಡ್ಡಿಗೆ ಹೋದೆವು. 'ನಾಳೆ ಬನ್ನಿ.' ಆ ನಾಳೆ ಇವತ್ತಿಗೂ ಬಂದಿಲ್ಲ. ಫೀಸು ಕಟ್ಟುವ ದಿನ ಕಳೆಯಿತು, ದಂಡ ಸೇರಿಸಿ ಕಟ್ಟಲು ಕಾಸಿರಲಿಲ್ಲ. ಮಗ ಫೇಲಾದ ಅಂತಲೇ ಅಪ್ಪ ಇವತ್ತಿಗೂ ತಿಳಿದಿದ್ದಾರೆ. ತಂಡವೂ ಒಡೆಯಿತು. ಗಾಯಕ ಈಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಮೈಕಿನಲ್ಲಿ ಮಾತಾಡಿ ಕಲಿತ ನಾನು ಹೀಗೆ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ.

ಗೆಳೆಯರೇ, ಬ್ಯಾಂಡು ಕಟ್ಟಿ, ಬೀದಿ ಕುಣಿಸಿ. ಆದರೆ ಮುಂಗಡ ಕೈಗೆ ಬಾರದೆ ಸ್ಟೇಜ್ ಹತ್ತಬೇಡಿ, ಪರೀಕ್ಷೆ ಫೀಸು ಮೊದಲು ಕಟ್ಟಿ.

ಅಪ್ಪ ದಿನಾ ಬಸ್ ಸ್ಟ್ಯಾಂಡಿನಲ್ಲೇ ಓಡಾಡುತ್ತಾರೆ. ಈ ಸಂಚಿಕೆ ಅವರ ಕೈಗೆ ಸಿಕ್ಕರೂ ಸಿಗಬಹುದು. ಸಿಗಲಿ. ಹತ್ತು ವರ್ಷ ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಿದ್ದೇನೆ.