ಬಾಡಿಗೆಗೆ ಬಂದ ಬೆಳ್ಳಿತೆರೆ

ಬಹುಕಾಲದವರೆಗೆ ಚಲನಚಿತ್ರಕ್ಕೆ ಚಿತ್ರಮಂದಿರವೊಂದೇ ನೆಲೆಯಾಗಿತ್ತು. ಅಲ್ಲಿಂದ ಇಳಿದ ಚಿತ್ರ ಡಬ್ಬಿಯನ್ನು ಸೇರುತ್ತಿತ್ತು. ಮತ್ತೊಮ್ಮೆ ನೋಡಬಯಸುವವನು ಹಂಚಿಕೆದಾರನ ಕೃಪೆಗಾಗಿ ಕಾದಿರಬೇಕಾಗಿತ್ತು. ಈ ಕಟ್ಟನ್ನು ಸಡಿಲಿಸಿದವರಲ್ಲಿ ಬೀದಿಬದಿಯ ಒಬ್ಬ ಅಂಗಡಿಕಾರನೂ ಇದ್ದನೆಂಬುದು ಸೋಜಿಗದ ಸಂಗತಿ.

1975ರಲ್ಲಿ ಜಪಾನಿನ ಸೋನಿ ಕಂಪೆನಿ ಬೀಟಾಮ್ಯಾಕ್ಸ್ ಯಂತ್ರವನ್ನೂ, ಮರುವರ್ಷ ಜೆವಿಸಿ ಕಂಪೆನಿ ವಿಎಚ್‌ಎಸ್ ಯಂತ್ರವನ್ನೂ ಹೊರತಂದವು. 1977ರಲ್ಲಿ ಅಮೆರಿಕದ ಫಾಕ್ಸ್ ಸಂಸ್ಥೆಯ 50 ಚಿತ್ರಗಳು ಕ್ಯಾಸೆಟ್ಟುಗಳಾಗಿ ಮಾರಾಟಕ್ಕೆ ಬಂದವು. ಲಾಸ್ ಏಂಜಲೀಸಿನ ಜಾರ್ಜ್ ಅಟ್ಕಿನ್‌ಸನ್ ಎಂಬಾತ ಅವುಗಳನ್ನು ಕೊಂಡು, ವರ್ಷಕ್ಕೆ 50 ಡಾಲರ್ ಚಂದಾ, ದಿನಕ್ಕೆ 10 ಡಾಲರ್ ಬಾಡಿಗೆಯೆಂದು ನಿಗದಿಮಾಡಿ ಅಂಗಡಿ ತೆರೆದನು.

ಚಿತ್ರಸಂಸ್ಥೆಗಳಿಗೆ ಇದು ಹಿಡಿಸಲಿಲ್ಲ. ಆದರೆ ಕಾನೂನು ಅಂಗಡಿಯವನ ಪಕ್ಷದಲ್ಲಿತ್ತು. ಒಮ್ಮೆ ಮಾರಿದ ಪ್ರತಿಯ ಮೇಲೆ ಮಾರಿದವನ ಹಿಡಿತ ಉಳಿಯದೆಂಬ ನ್ಯಾಯವನ್ನು, ಒಂದು ಕಾದಂಬರಿಯ ಬೆಲೆಯನ್ನು ಕುರಿತ ವ್ಯಾಜ್ಯದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು 1908ರಷ್ಟು ಹಿಂದೆಯೇ ಎತ್ತಿಹಿಡಿದಿತ್ತು. ಪುಸ್ತಕಕ್ಕಾಗಿ ಹುಟ್ಟಿದ ಆ ನ್ಯಾಯದ ನೆರಳಿನಲ್ಲಿಯೇ ವಿಡಿಯೋ ಅಂಗಡಿ ಬೆಳೆಯಿತು.

ಬೆಳೆದದ್ದು ವ್ಯಾಪಾರವೊಂದೇ ಅಲ್ಲ, ಅಭಿರುಚಿಯೂ ಕೂಡ. ಹೊಸ ಚಿತ್ರವನ್ನರಸಿ ಬಂದವನ ಕೈಗೆ ಪಕ್ಕದ ಕಪಾಟಿನ ಹಳೆಯ ಚಿತ್ರ ಸಿಕ್ಕುತ್ತಿತ್ತು. ಆಯ್ಕೆ ತೋಚದೆ ನಿಂತವನಿಗೆ ಅಂಗಡಿಯ ಹುಡುಗನೇ ವಿಮರ್ಶಕನಾಗುತ್ತಿದ್ದನು. ಮುಂದೆ ನಿರ್ದೇಶಕನಾಗಿ ಹೆಸರುಮಾಡಿದ ಕ್ವೆಂಟಿನ್ ಟ್ಯಾರಂಟಿನೋ 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ‘ವಿಡಿಯೋ ಆರ್ಕೈವ್ಸ್’ ಎಂಬ ಇಂಥದೇ ಅಂಗಡಿಯಲ್ಲಿ ಐದು ವರ್ಷ ದುಡಿದವನು.

1985ರಲ್ಲಿ ಡಲ್ಲಾಸಿನಲ್ಲಿ ಆರಂಭವಾದ ‘ಬ್ಲಾಕ್‌ಬಸ್ಟರ್’ ಈ ಕಸುಬನ್ನು ಸಾಮ್ರಾಜ್ಯವಾಗಿಸಿತು. 2004ರ ಹೊತ್ತಿಗೆ ಅದರ ಮಳಿಗೆಗಳು 9,000ವನ್ನು ಮೀರಿದ್ದವು. ಅದೇ ಕಾಲಕ್ಕೆ ಪ್ರತಿಸ್ಪರ್ಧಿಯೂ ಬೆಳೆಯುತ್ತಿತ್ತು. 1998ರಲ್ಲಿ ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕಳುಹಿಸತೊಡಗಿದ ನೆಟ್‌ಫ್ಲಿಕ್ಸ್, 2007ರಲ್ಲಿ ಅಂತರಜಾಲದ ಮೂಲಕವೇ ಚಿತ್ರಗಳನ್ನು ತೋರಿಸಲಾರಂಭಿಸಿತು. 2010ರಲ್ಲಿ ಬ್ಲಾಕ್‌ಬಸ್ಟರ್ ದಿವಾಳಿಯಾಯಿತು. 2019ರ ಮಾರ್ಚ್ ತಿಂಗಳಲ್ಲಿ ಆಸ್ಟ್ರೇಲಿಯದ ಕೊನೆಯ ಮಳಿಗೆ ಮುಚ್ಚಿದಾಗ, ಆ ಹೆಸರಿನ ಅಂಗಡಿ ಜಗತ್ತಿಗೆಲ್ಲ ಒಂದೇ ಒಂದು ಉಳಿಯಿತು. ಅದಿದ್ದದ್ದು ಆರೆಗಾನ್ ರಾಜ್ಯದ ಬೆಂಡ್ ಎಂಬ ಊರಿನಲ್ಲಿ.

ಇದಕ್ಕಾಗಿ ಮರುಗಬೇಕೆ? ಸವೆದ ಟೇಪು, ತಡಮಾಡಿದರೆ ದಂಡ, ಬೇಕಾದುದು ಬೇರೊಬ್ಬರ ಪಾಲಾಗಿರುವ ನಿರಾಸೆ—ಇವನ್ನು ಮರೆತು ಹಳೆಯದನ್ನು ಹೊಗಳುವುದು ವಿವೇಕವಲ್ಲ. ಆದರೆ ಕಳೆದುಕೊಂಡದ್ದು ಅಂಗಡಿಯನ್ನಷ್ಟೇ ಅಲ್ಲ. ಅಂದಿನ ಅಂಗಡಿಯವನು ಪ್ರತಿಯ ಒಡೆಯನಾಗಿದ್ದನು. ಇಂದಿನ ಪ್ರೇಕ್ಷಕನಿಗೆ ದೊರೆಯುವುದು ನೋಡುವ ಅನುಮತಿ ಮಾತ್ರ. ಒಪ್ಪಂದದ ಅವಧಿ ತೀರಿದರೆ ಚಿತ್ರ ಸದ್ದಿಲ್ಲದೆ ಮರೆಯಾಗುತ್ತದೆ. 1908ರ ನ್ಯಾಯ ಇಲ್ಲಿ ನೆರವಿಗೆ ಬಾರದು. ಏಕೆಂದರೆ ಇಲ್ಲಿ ಯಾರೂ ಯಾರಿಗೂ ಪ್ರತಿಯೊಂದನ್ನು ಮಾರಿಯೇ ಇಲ್ಲ.

ಇದನ್ನು ಮನಗಂಡವರೂ ಇದ್ದಾರೆ. ನ್ಯೂಯಾರ್ಕಿನ ‘ಕಿಮ್ಸ್ ವಿಡಿಯೋ’ ಮುಚ್ಚಿದಾಗ ಅದರ ಸುಮಾರು 55,000 ಚಿತ್ರಗಳು 2009ರಲ್ಲಿ ಇಟಲಿಯ ಸಲೇಮಿ ಎಂಬ ಪುಟ್ಟ ಊರಿಗೆ ಕಡಲುದಾಟಿ ಹೋಗಿ, 2022ರಲ್ಲಿ ತವರಿಗೆ ಮರಳಿದವು. ಲಕ್ಷಕ್ಕೂ ಮಿಕ್ಕ ಚಿತ್ರಗಳ ಒಡೆತನವಿದ್ದ ಸಿಯಾಟಲ್ ನಗರದ ‘ಸ್ಕೇರ್‌ಕ್ರೋ ವಿಡಿಯೋ’ 2014ರಲ್ಲಿ ಲಾಭದಾಸೆಯಿಲ್ಲದ ಸಂಸ್ಥೆಯಾಗಿ ಮಾರ್ಪಟ್ಟಿತು.

ನಮ್ಮ ತಾಳೆಗರಿಯ ಕಾವ್ಯಗಳು ಉಳಿದು ಬಂದದ್ದು ಅರಮನೆ, ಮಠಗಳ ಭಂಡಾರಗಳಲ್ಲಿ ಮಾತ್ರವಲ್ಲ. ಹೆಸರಿಲ್ಲದ ಎಷ್ಟೋ ಮನೆಗಳ ಅಟ್ಟಗಳಲ್ಲಿಯೂ ಕೂಡ. ಒಂದು ಪ್ರತಿ ಗೆದ್ದಲಿಗೆ ಆಹುತಿಯಾದರೆ ಇನ್ನೊಂದು ಬೇರೆ ಊರಿನಲ್ಲಿ ಬದುಕಿರುತ್ತಿತ್ತು. ಚಲನಚಿತ್ರಕ್ಕೆ ಅಂಥ ಅಟ್ಟಗಳನ್ನು ಒದಗಿಸಿದ್ದು ಬಾಡಿಗೆಯ ಅಂಗಡಿ. ಆ ಅಟ್ಟಗಳು ಬರಿದಾಗುತ್ತಿರುವಾಗ, ಚಿತ್ರಗಳನ್ನು ಕಾಪಾಡುವ ಹೊಣೆಯನ್ನು ಯಾರು ಹೊರುವರೆಂಬುದನ್ನು ಕಲೆಯಲ್ಲಿ ಪ್ರೀತಿಯುಳ್ಳವರೆಲ್ಲರೂ ಯೋಚಿಸಬೇಕಾಗಿದೆ.