ಧಡಕ್ ಎಂದ ಮಾತ್ರಕ್ಕೆ ಬೋಗಿ ಅಪಾಯಕಾರಿಯಲ್ಲ

“ಹೊಸಾ ಡಬ್ಬಿ ಬರೇ ತಗಡ್ರೀ. ಹಗುರ ಐತಿ, ಅದಕ್ಕ ಧಡಕ್ ಧಡಕ್ ಅಂತೈತಿ. ಹಳೇ ಡಬ್ಬೀನ ಗಟ್ಟಿ.”

ವಿಜಯಪುರ ನಿಲ್ದಾಣದಲ್ಲಿ ಬೆಂಗಳೂರಿನ ರಾತ್ರಿ ಗಾಡಿಗೆ ಕಾಯುವವರ ನಡುವೆ ಕೇಳಿಬರುವ ಮಾತಿದು. ಇದನ್ನು ನಂಬಿ ತಿಕೋಟಾ, ಬಬಲೇಶ್ವರದ ಕಡೆಯ ಮನೆಗಳಲ್ಲಿ ವಯಸ್ಸಾದವರಿಗೆ ರೈಲು ಬೇಡವೆಂದು ಸ್ಲೀಪರ್ ಬಸ್ಸು ಹತ್ತಿಸುವವರೂ ಇದ್ದಾರೆ. ಈ ನಂಬಿಕೆ ಪೂರ್ತಿ ತಲೆಕೆಳಗಾದದ್ದು.

ಧಡಕ್ ಎನ್ನುವುದು ನಿಜ. ಅದಕ್ಕೆ ಕಾರಣ ಬೋಗಿಯ ತೂಕವಲ್ಲ, ಎರಡು ಬೋಗಿಗಳ ನಡುವಿನ ಕೊಂಡಿ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಲ್ಲಿ ಕಣ್ಣು ಹಾಯಿಸಿ. ಹಳೆಯ ಐಸಿಎಫ್ ಬೋಗಿಯ ತುದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ದುಂಡನೆಯ ಬಫರ್, ನಡುವೆ ತಿರುಪಿನಿಂದ ಬಿಗಿಯುವ ಕೊಂಡಿ ಇರುತ್ತದೆ. ಬಫರುಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಅಲ್ಲಾಡಲು ಜಾಗ ಕಡಿಮೆ. ಹೊಸ ಎಲ್‌ಎಚ್‌ಬಿ ಬೋಗಿಗೆ ನಡುವಿನಲ್ಲಿ ಒಂದೇ ಕಪ್ಲರ್: ಎರಡು ಮುಷ್ಟಿ ಒಂದನ್ನೊಂದು ಹಿಡಿದ ಹಾಗೆ. ಆ ಹಿಡಿತದಲ್ಲಿ ತುಸು ಸಡಿಲಿರುತ್ತದೆ. ಎಂಜಿನ್ ಎಳೆದಾಗ ಒಂದೊಂದೇ ಬೋಗಿಯ ಸಡಿಲು ಬಿಗಿಯಾಗುತ್ತ ಹೋಗುತ್ತದೆ. ಧಡಕ್ ಎನ್ನುವುದು ಅದೇ. ಇದು ರೈಲ್ವೆಗೂ ಗೊತ್ತಿರುವ ಕೊರತೆ. ಕಪ್ಲರಿನ ಹಿಂದಿನ ಆಘಾತ ತಡೆಯುವ ಭಾಗವನ್ನು ಸುಧಾರಿಸುತ್ತ ಬಂದಿದ್ದಾರೆ. ಚಾಲಕ ನಿಧಾನವಾಗಿ ಎಳೆದರೂ ಈ ಧಡಕ್ ಎಷ್ಟೋ ಕಡಿಮೆಯಾಗುತ್ತದೆ.

ಆದರೆ ಜೀವ ಉಳಿಸುವುದು ಇದೇ ಕಪ್ಲರ್. ಗಾಡಿ ಹಳಿ ತಪ್ಪಿದಾಗ ಹಳೆಯ ಕೊಂಡಿ ಕಳಚಿ, ಹಿಂದಿನ ಬೋಗಿ ಮುಂದಿನದರ ಮೇಲೇರುತ್ತಿತ್ತು, ಇಲ್ಲವೇ ಒಳಗೆ ನುಗ್ಗುತ್ತಿತ್ತು. ಹೊಸ ಕಪ್ಲರ್ ಹಿಡಿತ ಬಿಡದೆ ಇದನ್ನು ತಡೆಯುವಂಥದ್ದು. 2016ರ ನವೆಂಬರ್‌ನಲ್ಲಿ ಕಾನ್ಪುರ ಬಳಿಯ ಪುಖ್ರಾಯಾಂನಲ್ಲಿ ಇಂದೋರ್–ಪಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿ ಸುಮಾರು 150 ಜನ ಸತ್ತರು. ಆ ಗಾಡಿಯಲ್ಲಿದ್ದದ್ದು ಜನ “ಗಟ್ಟಿ” ಎನ್ನುವ ಹಳೆಯ ಬೋಗಿಗಳೇ. ಈಗ ನಮ್ಮ ರಾಜ್ಯದಿಂದಲೇ ಹೊರಟ ಗಾಡಿಯನ್ನು ನೋಡಿ. 2024ರ ಅಕ್ಟೋಬರ್ 11ರ ರಾತ್ರಿ ಮೈಸೂರು–ದರ್ಭಂಗಾ ಬಾಗ್ಮತಿ ಎಕ್ಸ್‌ಪ್ರೆಸ್ ಚೆನ್ನೈ ಹತ್ತಿರದ ಕವರೈಪೆಟ್ಟೈಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಹತ್ತಕ್ಕೂ ಹೆಚ್ಚು ಬೋಗಿ ಹಳಿ ತಪ್ಪಿದವು, ಹಲವರಿಗೆ ಗಾಯವಾಯಿತು. ಸತ್ತವರು ಒಬ್ಬರೂ ಇಲ್ಲ. ಅವು ಎಲ್‌ಎಚ್‌ಬಿ ಬೋಗಿಗಳು.

ಇಷ್ಟು ಹೇಳಿದರೆ ಬಾಲಸೋರ್ ಹೆಸರು ಬರುತ್ತದೆ. 2023ರ ಜೂನ್ 2ರಂದು ಅಲ್ಲಿ ಅಪಘಾತಕ್ಕೀಡಾದ ಕೋರಮಂಡಲ್ ಎಕ್ಸ್‌ಪ್ರೆಸ್ಸಿನಲ್ಲೂ ಹೊಸ ಬೋಗಿಗಳೇ ಇದ್ದವು, 290ಕ್ಕೂ ಹೆಚ್ಚು ಜನ ಸತ್ತರು. ಹೌದು. ಗಂಟೆಗೆ 120 ಕಿ.ಮೀ.ಗೂ ಮೀರಿದ ವೇಗದಲ್ಲಿ ಅದಿರು ತುಂಬಿದ ಗೂಡ್ಸಿಗೆ ಗುದ್ದಿ, ಉರುಳಿದ ಬೋಗಿಗಳಿಗೆ ಇನ್ನೊಂದು ಗಾಡಿಯೂ ತಗುಲಿದರೆ ಯಾವ ಬೋಗಿಯೂ ಎಲ್ಲರನ್ನೂ ಕಾಯಲಾರದು. ಅಲ್ಲಿ ಸೋತದ್ದು ಸಿಗ್ನಲ್ ವ್ಯವಸ್ಥೆ.

ಇನ್ನು “ತಗಡು” ಎಂಬ ಮಾತು. ಹೊಸ ಬೋಗಿಯ ಮೈ ಸ್ಟೇನ್‌ಲೆಸ್ ಸ್ಟೀಲಿನದು. ಹಳೆಯ ಕಬ್ಬಿಣದಂತೆ ತುಕ್ಕು ಹಿಡಿದು ಸೊರಗುವುದಿಲ್ಲ. ಡಿಸ್ಕ್ ಬ್ರೇಕ್ ಬೇರೆ ಇದೆ. ಭಾರವೇ ಬಲವೆಂದು ನಂಬುವವರು ಒಂದು ತಿಳಿಯಬೇಕು: ಡಿಕ್ಕಿಯಾದಾಗ ಆ ಭಾರವೂ ಬಂದು ಗುದ್ದುತ್ತದೆ.

ಉಳಿದ ತಪ್ಪು ನಂಬಿಕೆಗಳನ್ನು ಬೇಗ ಮುಗಿಸೋಣ. ಸ್ಲೀಪರ್ ಬೋಗಿಯಲ್ಲಿ 72 ಇದ್ದ ಬರ್ತ್ 80 ಆದದ್ದು ಕಾಲು ಚಾಚುವ ಜಾಗ ಕತ್ತರಿಸಿ ಅಲ್ಲ. ಬೋಗಿ ಎರಡು ಮೀಟರಿಗೂ ಹೆಚ್ಚು ಉದ್ದವಾಗಿ ಒಂದು ಸಾಲು ಜಾಸ್ತಿಯಾಗಿದೆ. ಹೊಸ ಬೋಗಿ ಬಂದ ಮಾತ್ರಕ್ಕೆ ಬೆಂಗಳೂರು ಬೇಗ ತಲುಪುವುದಿಲ್ಲ. ಗದಗ, ಹುಬ್ಬಳ್ಳಿ ಸುತ್ತಿ ಹೋಗುವ ದಾರಿ, ಹುಬ್ಬಳ್ಳಿಯೊಳಗೆ ಹೋದರೆ ಎಂಜಿನ್ ತಿರುಗಿಸುವ ಹೊತ್ತು ಹಾಗೇ ಇರುತ್ತವೆ.

ನನಗೆ ಸಿಟ್ಟು ಬರುವುದು ತಿಳಿಯದವರ ಮೇಲಲ್ಲ. ಅಪಘಾತದ ಒಂದು ಫೋಟೊ ಮೊಬೈಲಿಗೆ ಬಂದರೆ ಸಾಕು, ಯಾವ ಗಾಡಿ, ಯಾವ ಬೋಗಿ, ಯಾಕಾಯಿತು ಎಂದು ವಿಚಾರಿಸದೆ ಮುಂದಿನವರಿಗೆ ಕಳಿಸುವ ಚಟದ ಮೇಲೆ. ಹೊಲಕ್ಕೆ ಬೋರ್ ಹಾಕಿಸುವಾಗ ಹತ್ತು ಜನರನ್ನು ಕೇಳುವವರು ಮನೆಯವರ ಜೀವದ ವಿಷಯದಲ್ಲಿ ಗಾಳಿಮಾತು ನಂಬುತ್ತಾರೆ. ಹಳೇ ಡಬ್ಬಿಯೇ ಬೇಕೆಂದು ಹಟ ಹಿಡಿದೂ ಫಲವಿಲ್ಲ: ಹಳೆಯ ಮಾದರಿ ಬೋಗಿಗಳ ತಯಾರಿಕೆಯನ್ನು ಚೆನ್ನೈನ ಐಸಿಎಫ್ ಕಾರ್ಖಾನೆ 2018ರಲ್ಲೇ ನಿಲ್ಲಿಸಿತು. ಈ ತಪ್ಪು ಹೆದರಿಕೆಯಿಂದ ನಿಜವಾದ ಬೇಡಿಕೆಗಳು ಹಿಂದೆ ಬೀಳುತ್ತವೆ: ಸಾಮಾನ್ಯರಿಗೆ ಸಾಕಷ್ಟು ಸ್ಲೀಪರ್ ಬೋಗಿ, ನಯವಾಗಿ ಗಾಡಿ ಹೊರಡಿಸುವ ತರಬೇತಿ, ಒಳ್ಳೆಯ ಸಿಗ್ನಲ್. ಕೇಳುವುದಾದರೆ ಇವನ್ನು ಕೇಳಿ.

ಹಿರಿಯರಿಗೆ ಕೆಳಗಿನ ಬರ್ತ್ ಕೊಡಿಸಿ. ಗಾಡಿ ಹೊರಡುವ, ನಿಲ್ಲುವ ಹೊತ್ತಿನಲ್ಲಿ ಏಣಿ ಹತ್ತಬೇಡಿ, ಕೈಯಲ್ಲಿ ಬಿಸಿ ಚಹಾ ಹಿಡಿಯಬೇಡಿ. ಆ ಧಡಕ್‌ನಿಂದ ಆಗಬಹುದಾದ ಅಪಾಯ ಇಷ್ಟೇ.